ಮಾತು ಬಿಟ್ಟವರ ಮನೆ

ನಮ್ಮೂರಿನಲ್ಲಿ ಏನಾದರೂ ಕಳೆದುಹೋದರೆ ಯಾರೂ ತಮ್ಮ ಮನೆಯೊಳಗೆ ಹುಡುಕುವುದಿಲ್ಲ. ಚಾಪೆ ಎತ್ತಿ ನೋಡುವುದು, ದಿಂಬು ಕೊಡವುವುದು, ಮಕ್ಕಳ ಕಿವಿ ಹಿಂಡುವುದು, ಇವೆಲ್ಲ ಬೇರೆ ಊರಿನವರ ಚಟ. ನಾವು ಉಂಡು ಮಲಗುತ್ತೇವೆ. ಬೆಳಗಾಗುವುದರೊಳಗೆ ಆ ವಸ್ತು, ಕಳೆದುಕೊಂಡವರಿಗೆ ಯಾರ ಮೇಲೆ ನಿಜವಾದ ಸಿಟ್ಟಿದೆಯೋ ಅವರ ಮನೆಯ ಗೋಡೆಗೂಡಿನಲ್ಲಿ ಹೋಗಿ ಕೂತಿರುತ್ತದೆ. ಕೊಡೆಯಾಗಲಿ, ಕೀಲಿಯಾಗಲಿ, ಮಗುವಿನ ಒಂಟಿ ಬೂಟಾಗಲಿ. ಆ ಮನೆಯವರು ಅದನ್ನು ಮುಟ್ಟುವುದಿಲ್ಲ, ಬಂದಿದೆ ಎಂದು ಹೇಳಿ ಕಳಿಸುವುದೂ ಇಲ್ಲ. ಕಳೆದುಕೊಂಡವರೇ ಏನಾದರೊಂದು ನೆಪ ಮಾಡಿಕೊಂಡು ಅಲ್ಲಿಗೆ ಹೋಗಬೇಕು. ಮಾತು ಬಿಟ್ಟವರ ಮನೆಯಾದ್ದರಿಂದ ನೇರವಾಗಿ ಮಾತಾಡುವಂತಿಲ್ಲ, ಗೋಡೆಗೆ ಹೇಳಬೇಕು. 'ಯಾರ ಮನ್ಯಾಗರ ಒಂದ್ ವಾಟಗಾ ಸಕ್ಕರಿ ಸಿಗತೈತೇನೋ' ಎಂದು ಬಂದವರು ಗೋಡೆಗೆ ಹೇಳುತ್ತಾರೆ. 'ಬಂದವರು ಚಾ ಕುಡುದ ಹೋದ್ರ ನಮಗೇನ್ ನಷ್ಟಿಲ್ಲ' ಎಂದು ಮನೆಯವರು ಗೋಡೆಗೆ ಹೇಳುತ್ತಾರೆ. ಚಹಾ ಕುಡಿದು ಹೊರಡುವಾಗ ಗೂಡಿಗೆ ಕೈ ಹಾಕಬೇಕು. ಆ ಹೊತ್ತಿಗೆ ಮನೆಯವರಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುತ್ತದೆ.

ಹೀಗಾಗಿ ನಮ್ಮಲ್ಲಿ ಹೆಣ್ಣು ಕೊಡುವವರು ಮೊದಲು ವಿಚಾರಿಸುವುದು ಹುಡುಗ ಮಾತು ಬಿಟ್ಟವರು ಯಾರು, ಅವರ ಮನೆ ಎಷ್ಟು ದೂರ ಎಂಬುದನ್ನು. ಒಂದೇ ಓಣಿಯಲ್ಲಿ, ಮೆಟ್ಟಿಲು ಕಡಿಮೆ ಇರುವ ಮನೆಯಲ್ಲಿ, ಚಹಾ ಚೆನ್ನಾಗಿ ಮಾಡುವ ಶತ್ರು ಇದ್ದರೆ ಆ ಸಂಬಂಧ ಕುದುರಿದಂತೆಯೇ. ಜಗಳವಾಡಿದವನು ಬೇರೆ ಊರಿಗೆ ಹೋಗಿ ನೆಲೆಸಿದರೆ ಒಂದು ಕನ್ನಡಕಕ್ಕಾಗಿ ಬಸ್ಸು ಹತ್ತಬೇಕಾಗುತ್ತದೆ. ಒಮ್ಮೆ ಯಾರೋ ಹೊರಗಿನ ಪ್ರವಚನಕಾರರು ಬಂದು, ಪುಣ್ಯಾತ್ಮರು, ಅಗಸಿ ಓಣಿಯವರನ್ನೆಲ್ಲ ಕೂಡಿಸಿ ರಾಜಿ ಮಾಡಿಸಿದರು. ಎಲ್ಲರೂ ಅಪ್ಪಿಕೊಂಡು ಅತ್ತರು. ವಾರ ಕಳೆಯುವುದರೊಳಗೆ ಆ ಓಣಿಯ ಅರ್ಧ ಮಂದಿ ಕೀಲಿಯಿಲ್ಲದೆ ಹೊರಗೆ, ಅರ್ಧ ಮಂದಿ ಚಪ್ಪಲಿಯಿಲ್ಲದೆ ಒಳಗೆ. ಪ್ರವಚನಕಾರರಿಗೆ ಶಾಲು ಹೊದಿಸಿ, ಕೈಮುಗಿದು, ಬಸ್ಸಿನವರೆಗೂ ಬಿಟ್ಟು ಬಂದರು. ಏಕೆಂದರೆ ಯಾರ ಮೇಲೂ ಸಿಟ್ಟಿಲ್ಲದವರ ವಸ್ತು ಎಲ್ಲಿಗೆ ಹೋಗುತ್ತದೆ ಎಂಬುದು ಇದುವರೆಗೆ ಯಾರಿಗೂ ಗೊತ್ತಾಗಿಲ್ಲ. ಸಿಟ್ಟು ಹುಟ್ಟುವವರೆಗೆ ಅದು ಬರುವುದಿಲ್ಲ, ಅಷ್ಟೇ.

ಇದಕ್ಕೇ ನಮ್ಮ ಹೈಸ್ಕೂಲಿನಲ್ಲಿ ಪತ್ತೆ ಪಂದ್ಯ ಇಟ್ಟಿದ್ದಾರೆ. ಹತ್ತನೆಯ ತರಗತಿಯವರು ಮೂರು ಮೂರು ಜನರ ತಂಡ ಕಟ್ಟಿಕೊಳ್ಳಬೇಕು. ಊರಿನ ಮೂವರು ದೊಡ್ಡವರು ಒಂದೊಂದು ವಸ್ತು ಕಳೆದುಕೊಂಡಿರುತ್ತಾರೆ. ಬೇಕೆಂದೇ ಎಸೆದದ್ದು ಕಳೆದಂತಾಗುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ಅದಕ್ಕಾಗಿ ಶಾಲೆಯಲ್ಲಿ ಒಂದು ಹರಿದ ಜೇಬಿನ ಕೋಟು ಇದೆ. ಅದನ್ನು ಸರದಿಯಂತೆ ತೊಟ್ಟು, ಜೇಬಿನಲ್ಲಿ ಆ ವಸ್ತು ಇಟ್ಟುಕೊಂಡು, ಅದು ಉದುರಿದ್ದು ಗೊತ್ತೇ ಆಗದಂತೆ ಊರು ತಿರುಗುತ್ತಾರೆ. ಮೊದಲನೆಯವರ ಹೆಸರು ಬೋರ್ಡಿನ ಮೇಲೆ ಬರೆದಿರುತ್ತದೆ. ಅವರಿಗೆ ಯಾರ ಮೇಲೆ ಸಿಟ್ಟು ಎಂದು ಪತ್ತೆ ಮಾಡಿ ಆ ಮನೆಗೆ ಹೋದರೆ ವಸ್ತು ಸಿಗುತ್ತದೆ. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಎರಡನೆಯವರ ಹೆಸರು ಇರುತ್ತದೆ. ವಸ್ತುವನ್ನು ಅಲ್ಲೇ ಬಿಟ್ಟು ಮುಂದೆ ಓಡಬೇಕು. ಮೂರನೆಯದನ್ನು ಮಾತ್ರ ಎತ್ತಿಕೊಂಡು ಶಾಲೆಗೆ ಮೊದಲು ಮುಟ್ಟಿಸಿದವರು ಗೆದ್ದಂತೆ. ಆದರೆ ಸಂಜೆ ಮನೆಗೆ ಬಂದ ಮಕ್ಕಳನ್ನು ಯಾರು ಗೆದ್ದಿರಿ ಎಂದು ಯಾರೂ ಕೇಳುವುದಿಲ್ಲ. ಯಾರ ಜೋಡಿ ಮಾತು ಬಿಟ್ಟಿ ಎಂದು ಕೇಳುತ್ತಾರೆ. ಬಿಸಿಲಿನಲ್ಲಿ ಓಡಿ, ದಾರಿ ತಪ್ಪಿ, ನಾ ಹೇಳಿದ್ದೇ ಸರಿ ಎಂದು ಕಿತ್ತಾಡಿ, ಪ್ರತಿ ಮಗುವೂ ಆ ದಿನ ತನಗೊಬ್ಬ ಒಳ್ಳೆಯ ಶತ್ರುವನ್ನು ಮಾಡಿಕೊಂಡು ಬರಲಿ ಎಂಬುದೇ ಪಂದ್ಯದ ಉದ್ದೇಶ. ಶಾಲೆ ಬಿಟ್ಟ ಮೇಲೆ ಅಂಥ ಅವಕಾಶ ಮತ್ತೆ ಸಿಗುವುದು ಕಷ್ಟ.

ನನ್ನ ಹೆಸರು ರುದ್ರವ್ವ. ಹೆಸರು ಕೇಳಿ ಹೆದರಬೇಡಿ. ಹೆಸರಿಟ್ಟವರಿಗೇ ನನ್ನನ್ನು ಕಂಡು ನಾಚಿಕೆಯಾಗುತ್ತಿತ್ತು. ನನಗೆ ಸಿಟ್ಟು ಬರುತ್ತಲೇ ಇರಲಿಲ್ಲ. ಯಾರಾದರೂ ಬೈದರೆ ಪಾಪ, ಏನೋ ತೊಂದರೆಯಲ್ಲಿದ್ದಾರೆ ಅನಿಸುತ್ತಿತ್ತು. ಹುಟ್ಟಿದಾಗಿನಿಂದ ನಾನು ಕಳೆದುಕೊಂಡ ಒಂದು ಪೆನ್ಸಿಲ್ ಕೂಡ ತಿರುಗಿ ಬಂದಿರಲಿಲ್ಲ. ನಮ್ಮವ್ವ ನನಗೆ ಕೊಡೆ ಕೊಡುವುದನ್ನೇ ಬಿಟ್ಟಿದ್ದಳು, ಮಳೆಯಲ್ಲಿ ಗೋಣಿಚೀಲ ಹೊದ್ದು ಶಾಲೆಗೆ ಹೋಗುತ್ತಿದ್ದೆ. ಅಷ್ಟಾದರೂ ಸಿಟ್ಟು ಬರಬೇಕಲ್ಲ, ಇಲ್ಲ.

ಆ ವರ್ಷ ಮಾತ್ರ ನನಗೆ ಶತ್ರು ಬೇಕೇ ಬೇಕಾಗಿತ್ತು. ಕಾರಣ ನಮ್ಮಜ್ಜನ ಹಲ್ಲು. ಅಜ್ಜನ ಕಟ್ಟಿಸಿದ ಹಲ್ಲಿನ ಸೆಟ್ಟಿನಲ್ಲಿ ಒಂದು ಹಲ್ಲು ವಸಡಿಗೆ ಚುಚ್ಚುತ್ತಿತ್ತು. ಅಕ್ಕಸಾಲಿಗನ ಹತ್ತಿರ ಒಯ್ದು ಸ್ವಲ್ಪ ಉಜ್ಜಿಸಿಕೊಂಡು ಬಾ ಎಂದು ಕರವಸ್ತ್ರದಲ್ಲಿ ಕಟ್ಟಿ ಕೊಟ್ಟಿದ್ದ. ದಾರಿಯಲ್ಲಿ ಇಬ್ಬರು ಸಣ್ಣ ಹುಡುಗರು ಗಾಳಿಪಟಕ್ಕಾಗಿ ಹೊಡೆದಾಡುತ್ತಿದ್ದರು. ನಾನು ನಿಂತು ಬಿಡಿಸಿದೆ. ಅಕ್ಕಸಾಲಿಗನ ಮುಂದೆ ನಿಂತಾಗ ಕೈಯಲ್ಲಿ ಕರವಸ್ತ್ರವಿರಲಿಲ್ಲ. ಹಲ್ಲು ಕಟ್ಟುವವನು ನಮ್ಮೂರಿಗೆ ವರ್ಷಕ್ಕೊಮ್ಮೆ ಬರುತ್ತಾನೆ, ಆ ವರ್ಷ ಬಂದು ಹೋಗಿಯಾಗಿತ್ತು. ಕಟಕ ರೊಟ್ಟಿ ಮುರಿಯುವ ಸದ್ದು ಕೇಳದಿದ್ದರೆ ಊಟ ಮಾಡಿದಂತೆಯೇ ಅಲ್ಲ ಎನ್ನುತ್ತಿದ್ದ ಅಜ್ಜ ಈಗ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಬಟ್ಟಲನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಡಿಯುತ್ತಿದ್ದ. ಮಾತು ತೊದಲುತ್ತದೆ ಎಂದು ಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಒಂದು ಸಲ ಬೈದಿದ್ದರೆ ನನಗೆ ಅವನ ಮೇಲಾದರೂ ಸಿಟ್ಟು ಬರುತ್ತಿತ್ತೋ ಏನೋ.

ಇದನ್ನೆಲ್ಲ ನಾನು ಹೇಳಿಕೊಂಡದ್ದು ಕಸ್ತೂರಿಗೆ. ಒಂದನೆಯ ತರಗತಿಯಿಂದ ನಾವು ಒಂದೇ ಬೆಂಚು. ಅವಳಿಗೂ ಮಾತು ಬಿಟ್ಟವರು ಯಾರೂ ಇರಲಿಲ್ಲ, ಆದರೆ ಅವಳು ನನ್ನ ಹಾಗೆ ಬೆಣ್ಣೆಯಲ್ಲ. ಎಲ್ಲದಕ್ಕೂ ನಗುತ್ತಿದ್ದಳು, ನಗುವವರಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಜಾಗವೆಲ್ಲಿ. "ಹಾಲೇಶನ್ನ ನಮ್ಮ ತಂಡದಾಗ ತಗೊಳೂಣು," ಎಂದಳು ಕಸ್ತೂರಿ. "ಅವನ ಜೋಡಿ ಅರ್ಧಾ ದಿನ ಇದ್ರ ಕಲ್ಲಿಗೂ ಸಿಟ್ಟ ಬರತೈತಿ." ಹಾಲೇಶ ಎಂಬವನು ಹಿಂದಿನ ಬೆಂಚಿನಿಂದ ಎಲ್ಲರ ಜಡೆ ಬೆಂಚಿಗೆ ಕಟ್ಟುವ ಹುಡುಗ. ಅವನಿಗೆ ಆಗಲೇ ನಾಲ್ಕೈದು ಶತ್ರುಗಳಿದ್ದರು, ಆದರೂ ದುರಾಸೆ. ಕರೆದದ್ದೇ ತಡ, ಬಂದ.

ಪಂದ್ಯದ ಬೆಳಿಗ್ಗೆ ಬೋರ್ಡಿನ ಮೇಲೆ ಗಣಿತದ ಮಾಸ್ತರರ ಹೆಸರು ಇತ್ತು. ಇದು ಎಲ್ಲ ತಂಡಕ್ಕೂ ಗೊತ್ತಿದ್ದದ್ದೇ. ಮಾಸ್ತರರ ಪ್ಯಾಂಟನ್ನು ಗೇಣು ಮೇಲಕ್ಕೆ ಹೊಲಿದುಕೊಟ್ಟ ದರ್ಜಿಯ ಮೇಲೆ ಅವರಿಗೆ ಎಂದೆಂದಿಗೂ ಸಿಟ್ಟು. ಇಡೀ ತರಗತಿ ದರ್ಜಿಯ ಅಂಗಡಿಯ ಗೋಡೆಗೆ ಸಕ್ಕರೆ ಕೇಳಿತು. ಗೂಡಿನಲ್ಲಿದ್ದ ಪೆನ್ನಿನ ಚೀಟಿಯಲ್ಲಿ ಅಂಚೆಯ ಈರಣ್ಣನ ಹೆಸರು. ಅಲ್ಲಿ ಎಲ್ಲರೂ ಸಿಕ್ಕಿಬಿದ್ದರು. ಈರಣ್ಣ ಊರಿಗೆಲ್ಲ ಬೇಕಾದವನು, ಎಲ್ಲರ ಮನೆಯ ಬಾಗಿಲಲ್ಲೂ ನಿಂತು ಎಮ್ಮೆಯ ಆರೋಗ್ಯ ಕೇಳುವವನು. ಹಾಲೇಶ ನನ್ನ ಚಪ್ಪಲಿ ತುಳಿದು, "ಏ ಮುದ್ದಿಪಲ್ಯ, ನಿನ್ನ ತಲ್ಯಾಗ ಏನರ ಐತೋ ಇಲ್ಲೋ," ಎಂದ. ಚಪ್ಪಲಿಯ ಬಾರು ಕಿತ್ತುಹೋಯಿತು. ನಾನು ಕಣ್ಣು ಮುಚ್ಚಿ ಸಿಟ್ಟು ಬರುತ್ತದೆಯೋ ಎಂದು ಕಾದೆ. ಕಣ್ಣು ತೆರೆದಾಗ ಕಂಡದ್ದು ಅವನ ಅಂಗಿಯ ಕಿತ್ತುಹೋದ ಗುಂಡಿ. ಅವನವ್ವ ಕಾಯಿಲೆ ಬಿದ್ದಿದ್ದಾಳೆ, ಹೊಲಿದುಕೊಡುವವರಿಲ್ಲ ಎಂದು ನೆನಪಾಗಿ ಕನಿಕರವಾಯಿತು. ಕಸ್ತೂರಿ ಹಣೆ ಹಣೆ ಬಡಿದುಕೊಂಡಳು.

ಈರಣ್ಣನ ಗಂಟನ್ನು ಬಿಡಿಸಿದ್ದು ಕಸ್ತೂರಿಯೇ. ಅವನು ಎಲ್ಲ ಮನೆಯ ಮುಂದೂ ಸೈಕಲ್ಲಿನಿಂದ ಇಳಿಯುತ್ತಾನೆ, ಹೋಟೆಲಿನ ಭೀಮರಾಯರ ಮನೆಯ ಮುಂದೆ ಮಾತ್ರ ಒಂದು ಕಾಲು ಊರಿ ಕಾಗದವನ್ನು ಒಳಗೆ ಎಸೆದು ಹೋಗುತ್ತಾನೆ ಎಂದು ಅವಳಿಗೆ ನೆನಪಾಯಿತು. ಓಡಿದೆವು. ಭೀಮರಾಯರ ಗೂಡಿನಲ್ಲಿ ಸೈಕಲ್ಲಿನ ಗಂಟೆ ಇತ್ತು. ಅದರ ಚೀಟಿಯಲ್ಲಿ ಹಿಟ್ಟಿನ ಗಿರಣಿಯ ಚೆನ್ನವ್ವನ ಹೆಸರು. ನಾವು ಗಿರಣಿ ಮುಟ್ಟುವುದರೊಳಗೆ ಉಳಿದ ತಂಡಗಳೂ ಹೇಗೋ ಬಂದು ಸೇರಿದ್ದವು.

ಚೆನ್ನವ್ವನಿಗೆ ಯಾರ ಮೇಲೆ ಸಿಟ್ಟಿಲ್ಲ ಎಂದು ಕೇಳುವುದು ಸುಲಭ. ಗಿರಣಿಯ ಸದ್ದಿಗಿಂತ ಅವಳ ಬೈಗುಳದ ಸದ್ದೇ ಹೆಚ್ಚು. ಕಾಳು ಹಸಿ ಇದ್ದರೆ ಬೈಯುತ್ತಾಳೆ, ಒಣಗಿದ್ದರೂ ಬೈಯುತ್ತಾಳೆ. ಗಿರಣಿಯ ಮುಂದೆ ಹುಡುಗರು ಗುಂಪುಗುಂಪಾಗಿ ನಿಂತು ಊರಿನ ಅರ್ಧ ಮನೆಗಳ ಹೆಸರು ಹೇಳುತ್ತಿದ್ದರು. ನಾನು ಸುಮ್ಮನೆ ನಿಂತು ನೋಡುತ್ತಿದ್ದೆ. ಸಾಲಿನಲ್ಲಿ ಇದ್ದವರಿಗೆಲ್ಲ ಚೆನ್ನವ್ವ ಬೈದಳು, ಬೈದು ಹಿಟ್ಟು ಒಂದು ಹಿಡಿ ಜಾಸ್ತಿಯೇ ಹಾಕಿದಳು. ಆಮೇಲೆ ಅವಳ ಸ್ವಂತ ತಂಗಿ ಡಬ್ಬಿ ಹಿಡಿದು ಬಂದಳು. ಚೆನ್ನವ್ವನ ಬಾಯಿ ನಿಂತಿತು. "ಬರ್ರಿ. ಇಲ್ಲಿ ಇಡ್ರಿ. ಭಾಳ ಹೊತ್ತ ಆಗೂದಿಲ್ರಿ," ಎಂದಳು. ಒಡಹುಟ್ಟಿದ ತಂಗಿಗೆ ಇಷ್ಟೊಂದು 'ರಿ' ಹಚ್ಚಿ ಮರ್ಯಾದೆ ಕೊಡುವವರ ಹೊಟ್ಟೆಯಲ್ಲಿ ಏನಿರಬೇಕು. ನನಗೆ ಹೊಳೆದುಬಿಟ್ಟಿತು. ಜೀವನದಲ್ಲಿ ಮೊದಲ ಸಲ ನನಗೊಂದು ಉತ್ತರ ಎಲ್ಲರಿಗಿಂತ ಮೊದಲು ಹೊಳೆದಿತ್ತು. ಕಸ್ತೂರಿಯ ಕಿವಿಯಲ್ಲಿ ಹೇಳಿದೆ.

ಕಸ್ತೂರಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ನೋಡಿ, ಹೋಗಿ, ಜೋಳದ ಚೀಲದ ಮೇಲೆ ಹತ್ತಿ ನಿಂತು, "ಕೇಳ್ರಿಲ್ಲೆ, ಚೆನ್ನವ್ವನ ತಂಗಿ ಮನಿ. ರುದ್ರವ್ವ ಪತ್ತೆ ಹಚ್ಚ್ಯಾಳ," ಎಂದು ಎಲ್ಲರಿಗೂ ಕೂಗಿ ಹೇಳಿದಳು. ತಂಡಗಳೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿದವು. ಹಾಲೇಶ ಒಂದು ಕ್ಷಣ ಬಾಯಿ ತೆರೆದು ನಿಂತವನು ನಮ್ಮಿಬ್ಬರ ವಂಶವನ್ನೂ ಬೈಯುತ್ತ ಅವರ ಹಿಂದೆ ಓಡಿದ. ಅವನ ಪುಣ್ಯ, ಒಂದೇ ಏಟಿಗೆ ಇಬ್ಬರು ಶತ್ರುಗಳು ಸಿಕ್ಕರು. ಕಸ್ತೂರಿ ಚೀಲದ ಮೇಲಿಂದಲೇ ನನ್ನನ್ನು ನೋಡುತ್ತಿದ್ದಳು. ನನಗೆ ಅಳು ಬಂದಂತಾಯಿತು, ಆದರೆ ಬಾಯಿಗೆ ಬಂದದ್ದು ಹಳೆಯ ಮಾತೇ. "ಹೋಗ್ಲಿ ಬಿಡು. ಅವರೂ ಪಾಪ ಮುಂಜಾನಿಂದ ತಿರಗ್ಯಾರ," ಎಂದೆ.

ಕಸ್ತೂರಿಯ ಮುಖ ರೊಟ್ಟಿ ಸೀಯಿಸಿಕೊಂಡವರ ಮುಖದ ಹಾಗಾಯಿತು. ಆಮೇಲೆ ಅವಳು ತುಟಿಗಳನ್ನು ಬಾಯೊಳಕ್ಕೆ ಎಳೆದುಕೊಂಡಳು. ಗಲ್ಲ ಗುಳಿ ಬಿದ್ದವು. ಕೈಗಳನ್ನು ಬಟ್ಟಲಿನಂತೆ ಹಿಡಿದು, ಗೋಡೆಯ ಕಡೆ ತಿರುಗಿ, ಬೆನ್ನು ಬಾಗಿಸಿ ಕೂತಳು. "ಲುದ್ಲವ್ವಾ," ಎಂದಳು ಅಜ್ಜನ ದನಿಯಲ್ಲಿ, "ಲೊಟ್ಟಿ ನೆನದಾವೇನ ನೋಡವಾ. ಯಾಲೂ ನೋಡವಲ್ಲಲ್ಲ?" ಸೊರ್ರೆಂದು ಬಟ್ಟಲು ಹೀರಿದಳು. ಹಿಟ್ಟಿಗೆ ನಿಂತ ಹೆಂಗಸರು ನಕ್ಕರು. ಚೆನ್ನವ್ವ ಗಿರಣಿ ನಿಲ್ಲಿಸಿ ನಕ್ಕಳು. ಅಜ್ಜ ಹಾಗೆ ತಿರುಗಿ ಕೂಡುವುದನ್ನು ನಾನು ಕಸ್ತೂರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ನನಗೆ ಸಿಟ್ಟು ಬಂತು. ಅಂಗಾಲಿನಿಂದ ಏರಿ ಕಿವಿಯವರೆಗೆ ಬಂತು. ಸಿಟ್ಟು ಎಂದರೆ ಇಷ್ಟು ಬಿಸಿ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಪಕ್ಕದ ಡಬ್ಬಿಯಲ್ಲಿದ್ದ ಹಿಟ್ಟನ್ನು ಎರಡೂ ಕೈಯಿಂದ ತೆಗೆದು ಅವಳ ಮುಖಕ್ಕೆ ಎಸೆದೆ. "ಇವತ್ತಿಗೆ ಮುಗೀತ. ಸತ್ತರೂ ನಿನ್ನ ಮಾತಾಡಸೂದಿಲ್ಲ," ಎಂದೆ. ಬೆಳ್ಳಗಾದ ಮುಖದಲ್ಲಿ ಅವಳ ಕಣ್ಣು ಮಾತ್ರ ಕಾಣುತ್ತಿದ್ದವು. ಹರಿದ ಚಪ್ಪಲಿ ಎಳೆಯುತ್ತ ಮನೆಗೆ ಬಂದೆ. ಯಾರು ಗೆದ್ದರೋ ಇವತ್ತಿಗೂ ನನಗೆ ನೆನಪಿಲ್ಲ. ಅವ್ವ ಬಾಗಿಲಲ್ಲೇ, "ಯಾರ ಜೋಡಿ?" ಎಂದಳು. ಕಸ್ತೂರಿ ಎಂದೆ. "ಹತ್ತಿರದ ಮನಿ ಆತ ಬಿಡು," ಎಂದು ಸಮಾಧಾನದ ಉಸಿರು ಬಿಟ್ಟಳು. ಅಜ್ಜ ಬಟ್ಟಲು ಕೆಳಗಿಟ್ಟ.

ಮರುದಿನ ಬೆಳಿಗ್ಗೆ ಕಸ್ತೂರಿಯ ಮನೆಯ ಮುಂದೆ ಹೋಗುವಷ್ಟರಲ್ಲಿ ಅವಳ ಅಪ್ಪ ಹೊರಗೆ ನಿಂತು ಕಾಲು ತಿಕ್ಕಿಕೊಳ್ಳುತ್ತಿದ್ದ. ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಗೋಲಿಯ ಮೇಲೆ ಜಾರಿದನಂತೆ. ಒಳಗೆ ಹೋಗಿ ನೋಡಿದೆ. ಗೂಡು ತುಂಬಿ, ನೆಲ ತುಂಬಿ, ಅಡುಗೆಮನೆಯ ಹೊಸ್ತಿಲವರೆಗೂ ನನ್ನ ವಸ್ತುಗಳೇ. ಪಾಟಿ, ಬಳಪ, ರಿಬ್ಬನ್ನು, ಎಷ್ಟೋ ಕೊಡೆ, ಒಂಟಿ ಚಪ್ಪಲಿಗಳ ರಾಶಿ, ನಾನು ತೊಟ್ಟಿಲಿನಲ್ಲಿದ್ದಾಗ ಕಳೆದ ಗಿಲಕಿ, ಮೂರನೆಯ ತರಗತಿಯ ಊಟದ ಡಬ್ಬಿ. ಹುಟ್ಟಿದಾಗಿನಿಂದ ಕಳೆದದ್ದೆಲ್ಲ ಒಂದೇ ಬಾರಿಗೆ ಬಂದು ಬಿದ್ದಿತ್ತು. ಗೂಡಿನ ನಡುವೆ ಕರವಸ್ತ್ರದ ಮೇಲೆ ಅಜ್ಜನ ಹಲ್ಲು. ಕಸ್ತೂರಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಪದ್ಧತಿಯಂತೆ ಬೆನ್ನು ತೋರಿಸಿ ಕೂತಿದ್ದಳು.

ನಾನು ಗೋಡೆಗೆ ಸಕ್ಕರೆ ಕೇಳಿದೆ. ಅವಳ ಅವ್ವ ಕೊಡೆಗಳನ್ನು ದಾಟಿಕೊಂಡು ಚಹಾ ತಂದು ಕೊಟ್ಟಳು. ನನ್ನೊಂದಿಗೆ ಅವಳಿಗೇನೂ ಜಗಳವಿರಲಿಲ್ಲವಲ್ಲ, ನೇರವಾಗಿಯೇ ಮಾತಾಡಿದಳು. "ಇಷ್ಟ ಬರತಾವಂತ ನಮಗೇನ್ ಗೊತ್ತವಾ. ನಿನ್ನೆ ಮುಂಜಾನೆ ಸಾಲಿಗೆ ಹೋಗೂಕಿಂತ ಮದಲ ಗೂಡಿನ್ಯಾಗಿನ ದೀಪಾ, ಡಬ್ಬಿ ಎಲ್ಲಾ ತಗದು ಬಳದಿಟ್ಟ ಹೋಗ್ಯಾಳ ಇಕಿ. ಯಾಕಬೇ ಅಂದ್ರ, ಬೇಕಾಗತೈತಿ ಅಂದ್ಳು."

ಪಂದ್ಯಕ್ಕೆ ಹೋಗುವುದಕ್ಕಿಂತ ಮೊದಲು. ಹಾಲೇಶನಿಂದ ಆಗದಿದ್ದರೆ ತಾನೇ ಮಾಡಬೇಕು ಎಂದು ಇವಳು ಮೊದಲೇ ನಿಶ್ಚಯಿಸಿಕೊಂಡಿದ್ದಳು. ಎಲ್ಲಿ ಹೊಡೆದರೆ ನನಗೆ ಸಿಟ್ಟು ಬರುತ್ತದೆ ಎಂದು ಇಡೀ ಊರಿನಲ್ಲಿ ಬಲ್ಲವಳು ಅವಳೊಬ್ಬಳೇ. ಅವಳ ಬೆನ್ನು ನೋಡಿದೆ, ಕಿವಿಯ ಹಿಂದೆ ಇನ್ನೂ ಹಿಟ್ಟು ಇತ್ತು. ನನ್ನ ಸಿಟ್ಟು ಇಳಿಯತೊಡಗಿತು. ಸಿಟ್ಟು ಇಳಿದ ಹಾಗೆ ಹೊಸ್ತಿಲ ಹತ್ತಿರದ ಚಪ್ಪಲಿಗಳು ಕಾಣದಾದವು. ಕೊಡೆಗಳು ಹೋದವು. ಗಿಲಕಿ ಹೋಯಿತು. "ಅಯ್ಯ, ಇದೇನಬೇ," ಎಂದಳು ಅವಳ ಅವ್ವ. ಕಸ್ತೂರಿ ಕಣ್ಣಂಚಿನಿಂದ ನೋಡಿದವಳೇ ಗೋಡೆಗೆ ಮುಖ ಇಟ್ಟುಕೊಂಡೇ ತುಟಿ ಒಳಗೆಳೆದು, "ಲುದ್ಲವ್ವಾ, ಲೊಟ್ಟಿ," ಎಂದಳು. ಹೊಟ್ಟೆಯಲ್ಲಿ ಸಿಟ್ಟು ಮತ್ತೊಮ್ಮೆ ಚುಳ್ಳೆಂದಿತು, ಅಷ್ಟರಲ್ಲಿ ಕೈ ಚಾಚಿ ಹಲ್ಲಿನ ಸೆಟ್ಟು ಹಿಡಿದುಕೊಂಡೆ. ಮರುಗಳಿಗೆಗೆ ನಗು ತಡೆಯಲಾಗಲಿಲ್ಲ. ಗೂಡು ಖಾಲಿಯಾಯಿತು, ನೆಲ ಖಾಲಿಯಾಯಿತು. ಕೈಯಲ್ಲಿ ಹಲ್ಲು ಉಳಿಯಿತು. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ರೊಟ್ಟಿ ಮುರಿದ ಸದ್ದು ಕೇಳಿ ಅವ್ವ ಒಲೆಯ ಮುಂದೆಯೇ ಅತ್ತಳು. ಅಜ್ಜ ಸಂಜೆ ಕಟ್ಟೆಗೆ ಹೋಗಿ ಬಾಕಿ ಇದ್ದ ಜಗಳಗಳನ್ನೆಲ್ಲ ಮುಗಿಸಿ ಬಂದ.

ಊರಿನ ಲೆಕ್ಕದಲ್ಲಿ ಅಂದಿನಿಂದ ನಾನು ಮತ್ತು ಕಸ್ತೂರಿ ಮಾತು ಬಿಟ್ಟವರು. ನಾವೂ ಹೌದು ಎಂದುಕೊಂಡೆವು. ಬೇರೆ ದಾರಿ ಇರಲಿಲ್ಲ. ಅವಳು ಮುಂದೆ ಬ್ಲೌಸು ಹೊಲಿಯುವ ಅಂಗಡಿ ಇಟ್ಟಳು, ನಾನು ಖಾನಾವಳಿ ಇಟ್ಟೆ. ಶತ್ರುವಿಲ್ಲದವಳ ಅಂಗಡಿಗೆ ನಮ್ಮೂರಿನಲ್ಲಿ ಯಾರೂ ಬಟ್ಟೆ ಕೊಡುವುದಿಲ್ಲ, ಕಳೆದರೆ ಕಳೆದಂತೆಯೇ. ಹಾಗಾಗಿ ನನ್ನ ಕೊಡೆ ಕಳೆದರೆ ನಾನು ಮುಖ ಗಂಟು ಹಾಕಿಕೊಂಡು ಎಲ್ಲರೂ ನೋಡುವಂತೆ ಅವಳ ಮನೆಗೆ ಹೋಗುತ್ತಿದ್ದೆ. ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ಹೊಟ್ಟೆ ಹಿಡಿದು ನಗುತ್ತ ಚಹಾ ಕುಡಿಯುತ್ತಿದ್ದೆವು. ಅವಳು ಪಕ್ಕದ ಊರಿನಿಂದ ತರಿಸಿಟ್ಟ ಅಂಥದ್ದೇ ಕೊಡೆಯನ್ನು ಹಿಡಿದ ನಾನು ಮತ್ತೆ ಮುಖ ಗಂಟು ಹಾಕಿಕೊಂಡು ಹೊರಬರುತ್ತಿದ್ದೆ. ಅವಳ ಕತ್ತರಿ ಕಳೆದರೆ ಅವಳೂ ಹಾಗೆಯೇ. ನಮ್ಮ ಜಗಳ ಊರಿಗೇ ಮಾದರಿಯಾಯಿತು. 'ಜಗಳಾ ಮಾಡಿದ್ರ ರುದ್ರವ್ವ ಕಸ್ತೂರಿಯಂಗ ಮಾಡಬೇಕು, ಎಷ್ಟ ಅಚ್ಚುಕಟ್ಟು' ಎಂದು ಹೊಸ ಮದುಮಕ್ಕಳಿಗೆ ಹೇಳುತ್ತಿದ್ದರು.

ಮಾದರಿಯಾಗುವುದರಲ್ಲಿ ಅಪಾಯವಿದೆ. ಈ ವರ್ಷ ಹೈಸ್ಕೂಲಿಗೆ ಹೆಡ್‌ಮಾಸ್ತರನಾಗಿ ಬಂದಿರುವವನು ನಮ್ಮ ಹಾಲೇಶ. ಅವನು ಪತ್ತೆ ಪಂದ್ಯದ ಮೂರನೆಯ ವಸ್ತು ಕಳೆಯುವುದಕ್ಕೆ ಕಸ್ತೂರಿಯನ್ನೇ ಆರಿಸಿದ. ಹರಿದ ಜೇಬಿನ ಕೋಟು ತಂದು ಅವಳಿಗೆ ತೊಡಿಸಿ, ಅವಳ ಅಳತೆಯ ಟೇಪಿಗೆ ತನ್ನ ಸಹಿ ಹಾಕಿದ ಚೀಟಿ ಕಟ್ಟಿ ಜೇಬಿನಲ್ಲಿಟ್ಟು ಹೋದ. ಮಕ್ಕಳು ನೇರವಾಗಿ ನನ್ನ ಮನೆಗೇ ಬರುತ್ತಾರೆ. ಗೂಡು ಖಾಲಿ ಇದ್ದರೆ ನಮ್ಮ ಬಣ್ಣ ಬಯಲು. "ಒಂದ ಕೆಲಸ ಮಾಡು, ಖರೇನ ನನಗ ಸಿಟ್ಟ ತರಸು. ಇನ್ನ ಒಂದ ವಾರ ಐತಿ," ಎಂದಳು ಕಸ್ತೂರಿ.

ನಾನು ಮನಸ್ಸಿಟ್ಟು ಮಾಡಿದೆ. ಅವಳು ಹೊಲಿದ ಬ್ಲೌಸಿನ ಎರಡು ತೋಳು ಎಂದೂ ಒಂದೇ ಅಳತೆ ಇರುವುದಿಲ್ಲ ಎಂದು ಬಾವಿಕಟ್ಟೆಯಲ್ಲಿ ಹೇಳಿದೆ. ಅವಳು ನಕ್ಕು, ಒಂದು ಬ್ಲೌಸಿನ ಮಟ್ಟಿಗೆ ಅದು ನಿಜ ಎಂದಳು. ಅಂಗಡಿಗೆ ಆಡು ಬಿಟ್ಟೆ. ಆಡು ಯಾರದೋ ತೋಳು ತಿಂದಿತು, ಅವಳು ಅದಕ್ಕೆ ಉಳಿದ ತೋಳನ್ನೂ ತಿನ್ನಿಸಿದಳು. ಅವಳಪ್ಪನ ಗೊರಕೆಯನ್ನು ಅಣಕಿಸಿದೆ. "ಹಂಗಲ್ಲ, ಕಡೀಗೆ ಒಂದ ಸೀಟಿ ಹೊಡಿತಾನ," ಎಂದು ತಾನೇ ಮಾಡಿ ತೋರಿಸಿದಳು. ಪಂದ್ಯದ ಹಿಂದಿನ ಮಧ್ಯಾಹ್ನ ನಾನು ಸೋತು ಕೂತೆ. ಟೇಪು ಆಗಲೇ ಜೇಬಿನಿಂದ ಉದುರಿಯಾಗಿತ್ತು. "ನನ್ನ ಕಡಿಂದ ಆಗೂದಿಲ್ಲವಾ. ನಿನ್ನಂಥಾಕಿಗೆ ಯಾವದೂ ತಾಕೂದಿಲ್ಲ. ನಾ ಬ್ಯಾರೆ ಟೇಪ್ ತಂದ ಇಡತೀನಿ ಬಿಡು," ಎಂದೆ. ಅವಳು ಬಟ್ಟೆ ಮಡಚುತ್ತಿದ್ದಳು.

ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಹೊಸ ಟೇಪನ್ನು ಸೆರಗಿನಲ್ಲಿ ಸುತ್ತಿಕೊಂಡು ಗೂಡಿನ ಹತ್ತಿರ ಹೋದೆ. ಗೂಡಿನಲ್ಲಿ ಟೇಪು ಇತ್ತು. ಅಂಕಿಗಳು ಸವೆದ ಅವಳ ಹಳೆಯ ಟೇಪು, ಹಾಲೇಶನ ಚೀಟಿಯ ಸಮೇತ. ಚೀಟಿಯ ಮಾತನ್ನು ನಾನು ಮರೆತೇಬಿಟ್ಟಿದ್ದೆ, ನನ್ನ ಟೇಪಿನಿಂದ ಸಿಕ್ಕಿಬೀಳುವುದು ಖಂಡಿತವಿತ್ತು. ಬಚಾವಾದೆ ಎಂದು ಕುಣಿಯಬೇಕಿತ್ತು. ಅದರ ಬದಲು ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ಅಲ್ಲೇ ಕೂತೆ. ಮಕ್ಕಳು ಬಂದರು, ಗೋಡೆಗೆ ಸಕ್ಕರೆ ಕೇಳಿದರು, ಟೇಪು ಎತ್ತಿಕೊಂಡು ಕೇಕೆ ಹಾಕುತ್ತ ಓಡಿದರು. ಓಣಿಯವರೆಲ್ಲ ನನ್ನನ್ನು ಮೆಚ್ಚಿಗೆಯಿಂದ ನೋಡಿದರು. ಇಷ್ಟು ವರ್ಷ ಒಂದು ಸೂಜಿಯೂ ಬಾರದ ಗೂಡಿಗೆ ಇವತ್ತು ಟೇಪು ಬಂದಿತ್ತು.

ಖಾನಾವಳಿಗೆ ಬೀಗ ಹಾಕಿ ಅವಳ ಮನೆಗೆ ಹೋದೆ. ನೆಪ ಕಟ್ಟಿಕೊಳ್ಳುವುದನ್ನೂ ಮರೆತಿದ್ದೆ. ಕಸ್ತೂರಿ ಮಿಶಿನ್ನಿನ ಮುಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಬಾಗಿಲು ಹಾಕಿದ ಮೇಲೂ ತಿರುಗಲಿಲ್ಲ. "ಯಾವದಕ್ಕ ಸಿಟ್ಟ ಬಂತ? ಆಡಿಗೋ, ನಿಮ್ಮಪ್ಪನ ಗೊರಕಿಗೋ?" ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ.

ಅವಳು ಗೋಡೆಗೆ ಹೇಳಿದಳು. "ಹತ್ತನೇ ಕ್ಲಾಸಿನ್ಯಾಗ ಒಬ್ಬಾಕಿ ಇದ್ಳು. ಎಲ್ಲಿ ಮುಟ್ಟಿದ್ರ ಅಕಿಗೆ ನೋಯತೈತಿ ಅಂತ ನಂಗ ಗೊತ್ತಿತ್ತು. ಒಂದ ಮಾತಿನಾಗ ಮುಟ್ಟಿದೆ. ಅಕಿ ಒಂದ ವಾರ ನನ್ನ ಸುತ್ತ ಆಡ ಬಿಟಗೊಂಡ ತಿರಗ್ಯಾಳ. ಕಡೀಗೆ, ನಿನಗ ಯಾವದೂ ತಾಕೂದಿಲ್ಲ ಅಂತ ಹೇಳಿ ಹೋದ್ಳು. ಇಷ್ಟ ವರ್ಷ ಈ ಮನ್ಯಾಗ ಕುಂತ ಚಾ ಕುಡದಾಳ. ನನಗ ಎಲ್ಲಿ ನೋಯತೈತಿ ಅಂತ ಅಕಿಗೆ ಗೊತ್ತಿಲ್ಲ."

ನೆನಪಿನಲ್ಲಿ ಕೈಯಾಡಿಸಿದೆ. ಅವಳ ನಗು ಸಿಕ್ಕಿತು, ಚಹಾ ಸಿಕ್ಕಿತು, ಅವಳು ನನಗಾಗಿ ಮಾಡಿದ್ದೆಲ್ಲ ಸಿಕ್ಕಿತು. ಅವಳ ನೋವು ಮಾತ್ರ ಸಿಗಲಿಲ್ಲ. ನಾಚಿಕೆಯಾಯಿತು. ಚಾಪೆ ಹಾಸಿ ಅವಳ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ಕೂತೆ.

"ಎಲ್ಲಿ ನೋಯತೈತಿ?" ಎಂದು ಗೋಡೆಯನ್ನು ಕೇಳಿದೆ.

ಕಸ್ತೂರಿ ಎದ್ದು ಹೋಗಿ ಚಹಾ ತಂದು ನನ್ನ ಮುಂದಿಟ್ಟಳು.

"ಹುಡುಕು," ಎಂದಳು.